ಅಕ್ಕೋರ ಹಾಡಿನ ಡಬ್ಬಿ

ಹೋದ ತಿಂಗಳು ನಮ್ಮ ಶಾಲೆಯಲ್ಲಿ ಅಕ್ಕೋರ ಬೀಳ್ಕೊಡುಗೆ ಸಮಾರಂಭ ನಡೆಯಿತು. ಮೈಕಿನ ಮುಂದೆ ಬಂದವರೆಲ್ಲ ಸುತ್ತಿ ಬಳಸಿ ಒಂದೇ ಮಾತು ಹೇಳಿದರು: ಎಲ್ಲರನ್ನೂ ನಂಬುವ ದೊಡ್ಡ ಮನಸ್ಸು ಅಕ್ಕೋರದು. ಕೆಳಗೆ ಕೂತಿದ್ದ ನಾನು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಇಟ್ಟುಕೊಂಡೆ. ಅದೇ ಹೊತ್ತಿಗೆ ವೇದಿಕೆಯ ಮೇಲೆ ಅಕ್ಕೋರು ತಮಗೆ ಹೊದಿಸಿದ ಶಾಲಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಿದ್ದರು. ಹಿಂದೆ ಯಾರಿಗೋ ಹೊದಿಸಿದ್ದನ್ನೇ ಮಡಿಚಿ ತಂದಿದ್ದಾರೋ ಏನೋ ಎಂಬ ಸಂಶಯ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ಆ ಲೆಕ್ಕಕ್ಕೆ ನಾನೂ ಅಕ್ಕೋರೇ. ಆದರೆ ಮಸರಕಲ್ಲಿನ ನಮ್ಮ ಶಾಲೆಯಲ್ಲಿ ಬರೀ ಅಕ್ಕೋರು ಅಂದರೆ ಅವರೊಬ್ಬರೇ. ಉಳಿದವರನ್ನು ಹೆಸರು ಹಿಡಿದೋ ಕಲಿಸುವ ವಿಷಯ ಹಿಡಿದೋ ಗುರುತಿಸಬೇಕಾಗಿತ್ತು. ಈಗ ಅವರು ಗಂಡನೊಂದಿಗೆ ಮಾನ್ವಿಗೆ ಹೋಗಿ ನೆಲೆಸಿದ್ದಾರೆ. ಸಮಾರಂಭದಲ್ಲಿ ಯಾರೂ ಹೇಳದ ಅಕ್ಕೋರ ಬಗ್ಗೆ ನಾನಾದರೂ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಆಗ ರಾಯಚೂರಿನಲ್ಲಿ ಇದ್ದೆವು. ದಿನಾ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿ ಮಸರಕಲ್ಲಿನಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಅಕ್ಕೋರ ಯಜಮಾನರು ಅದೇ ರೂಟಿನ ಬಸ್ಸಿನ ಡ್ರೈವರು. ಬಸ್ಸಿನ ಹಣೆಯ ಮೇಲೆ ದೇವದುರ್ಗ ಎಂದು ದಪ್ಪ ಅಕ್ಷರದಲ್ಲಿ ಇದ್ದರೂ, ಸ್ಟೇರಿಂಗ್ ಹಿಡಿದು ಕೂತವರು ಸ್ವಂತ ಗಂಡನೇ ಆಗಿದ್ದರೂ ಅಕ್ಕೋರು ಕೆಳಗೆ ನಿಂತು ಕೇಳದೆ ಬಸ್ಸು ಹತ್ತುತ್ತಿರಲಿಲ್ಲ.

"ಬಸ್ಸು ದೇವದುರ್ಗಕ್ಕ ಹೋಗ್ತದೇನ್ರಿ?"

"ಇಲ್ಲ, ನಿನ್ನ ತವರಮನಿಗಿ ಹೋಗ್ತದ. ಹತ್ತು."

ಬಸ್ಸಿನಲ್ಲಿದ್ದವರು ನಗುತ್ತಿದ್ದರು. ಅಕ್ಕೋರಿಗೆ ಅದರ ಪರಿವೆ ಇರಲಿಲ್ಲ. ಹತ್ತಿದ ಮೇಲೆ ಸೀಟನ್ನು ಕರ್ಚೀಪಿನಿಂದ ಜಾಡಿಸಿ, ರೆಕ್ಸಿನ್ ಎಲ್ಲಾದರೂ ಹರಿದಿದೆಯೇ ನೋಡಿ, ಕೈಯಿಂದ ಒತ್ತಿ, ಆಮೇಲೆ ಕೂರುತ್ತಿದ್ದರು. ಶಾಲೆಯಲ್ಲೂ ಹಾಗೆಯೇ. ಬಿಸಿಯೂಟದ ಸಾರನ್ನು ಮಕ್ಕಳಿಗೆ ಬಡಿಸುವ ಮೊದಲು ಒಂದು ಸೌಟು ತಾವು ಕುಡಿಯುವರು. ಎಣ್ಣೆಯ ಪಾಕೀಟನ್ನು ಬಿಸಿಲಿಗೆ ಹಿಡಿದು ನೋಡುವರು. ಅಡುಗೆಯವರು ಒಳಗೊಳಗೇ ಬೈದುಕೊಂಡರೂ ನಮ್ಮ ಶಾಲೆಯ ಸಾರು ಸುತ್ತಲಿನ ಯಾವ ಶಾಲೆಗಿಂತಲೂ ರುಚಿಯಾಗಿರುತ್ತಿತ್ತು.

ಅವರ ತವರು ಹಿರೇಕೊಟ್ನೆಕಲ್. ತಾಯಿ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದವರು. ದಿನವೆಲ್ಲ ಬಿಡಿಸಿದ ಹತ್ತಿ ಸಂಜೆ ತಕ್ಕಡಿಗೆ ಬಂದಾಗ ಅದು ಹೇಗೋ ಹಗುರಾಗಿಬಿಡುತ್ತಿತ್ತಂತೆ. ಅವ್ವ ಸೆರಗು ಜಾಡಿಸಿಕೊಂಡು ಸುಮ್ಮನೆ ಮನೆಗೆ ನಡೆಯುತ್ತಿದ್ದಳಂತೆ. ಇದನ್ನು ಹೇಳಿದ ದಿನ ಅಕ್ಕೋರು ಕೊನೆಗೆ ಅಂದದ್ದು ಇಷ್ಟು: "ನಮ್ಮವ್ವ ಜನ್ಮದಾಗ ಯಾರಿಗೂ ಒಂದು ಮಾತು ಕೇಳಲಿಲ್ಲ ಬೇ. ಆಕಿ ಪಾಲಿಂದೂ ನಾನ ಕೇಳಾಕತ್ತೀನಿ." ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಒಂದು ಚಿತ್ರವಿತ್ತು. ಯಾರು ಹೇಳಿದರೂ ವಿಚಾರ ಮಾಡದೆ ನಂಬಬೇಡಿ ಅಂತ ಆತನೇ ಹೇಳಿದ್ದಾನೆ, ನೀವ್ಯಾಕೆ ನನಗೆ ನಗುತ್ತೀರಿ ಎಂದು ಅದರ ಕಡೆ ಕೈ ತೋರಿಸುವರು.

ಇಂಥವರು ಫೋನನ್ನು ನಂಬುವುದು ಹೇಗೆ? ಒಂದು ಸಲ ಕುಕ್ಕರಿನ ರಬ್ಬರು ಹೋಗಿದೆ ಎಂದು ನನ್ನ ಮುಂದೆ ಮಾತಾಡಿದರು. ಸಂಜೆಯ ಹೊತ್ತಿಗೆ ಅವರ ಫೋನಿನ ತುಂಬ ಕುಕ್ಕರಿನ ಜಾಹೀರಾತು. ಅವತ್ತಿನಿಂದ ಶಾಲೆಯ ಕೆಲಸಕ್ಕೆ ಬೇಕಾದಾಗ ಮಾತ್ರ ಅದನ್ನು ತೆಗೆಯುವುದು, ಉಳಿದ ಹೊತ್ತು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯುವುದು ಎಂದಾಯಿತು. ಆದರೆ ಬಸ್ಸಿನ ದಾರಿಯಲ್ಲಿ ಹಾಡು ಕೇಳುವ ರೂಢಿ ಬಿಡಲು ಆಗಲಿಲ್ಲ. ತತ್ವಪದ, ಭೀಮಗೀತೆ, ಹಳೆಯ ಸಿನಿಮಾ ಹಾಡು ಅಂದರೆ ಅವರಿಗೆ ಪ್ರಾಣ. ಅದಕ್ಕೆಂದೇ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಪೇಟೆಯ ತೀನ್ ಕಂದೀಲು ಚೌಕದ ಹತ್ತಿರದ ಒಂದು ಅಂಗಡಿಗೆ ಹೋದರು. ಅಂಗಡಿಯ ಸಾಹೇಬರು ವಯಸ್ಸಾದವರು. ಒಳಗಿನಿಂದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಹಾಡಿನ ಯಂತ್ರವೊಂದನ್ನು ತಂದಿಟ್ಟರು. ನೀಲಿ ಬಣ್ಣ, ಉಗುರಿನಷ್ಟು ಪರದೆ, ಸೆರಗಿಗೆ ಸಿಕ್ಕಿಸಲು ಒಂದು ಕ್ಲಿಪ್ಪು. ಈಗ ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಫೋನೇ ಸಾಕು ಎಂದು ಧೂಳು ಒರೆಸಿದರು.

ಅಕ್ಕೋರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಿಮ್ ಅದನೇನು? ಇಲ್ಲ. ಇಂಟರ್ನೆಟ್? ಇಲ್ಲ. ಮೈಕು? ಸಾಹೇಬರಿಗೆ ಇವರ ಸಂಕಟ ಅರ್ಥವಾಗಿರಬೇಕು.

"ಅಮ್ಮಾ, ಇದು ಬರೇ ಹಾಡ್ತದ. ಕೇಳಂಗಿಲ್ಲ."

ಅಕ್ಕೋರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ತಮಗೆ ಬೇಕಾದ ಹಾಡುಗಳನ್ನು ಅಲ್ಲೇ ತುಂಬಿಸಿಕೊಂಡರು. ಅದಕ್ಕೆ ಡಬ್ಬಿ ಎಂದು ಹೆಸರಿಟ್ಟರು. ದಿನಾ ಬಸ್ಸಿನಲ್ಲಿ ಡಬ್ಬಿಯ ತಂತಿಯನ್ನು ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುವರು. ಇನ್ನೊಂದು ಕಿವಿ ಜನ ಏನು ಆಡಿಕೊಳ್ಳುತ್ತಾರೆ ಎಂದು ಕೇಳುವುದಕ್ಕೆ. ಪರದೆಯ ಮೂಲೆಯಲ್ಲಿ ಸದ್ದು ಎಷ್ಟಿದೆ ಎಂದು ತೋರಿಸುವ ಸಣ್ಣ ಗೆರೆಗಳಿದ್ದವು. ಸದ್ದು ಏರಿಸಿದಷ್ಟೂ ಗೆರೆ ಏರುತ್ತಿದ್ದವು. ಅಕ್ಕೋರದು ಯಾವಾಗಲೂ ತಳದ ಗೆರೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಬಸ್ಸಿನಲ್ಲಿ ಡಬ್ಬಿ ಒತ್ತಿದವರೇ ಬೆಚ್ಚಿ ತಂತಿಯನ್ನು ಕಿತ್ತುಕೊಂಡರು. ಸದ್ದು ಮೇಲೆ ಏರಿತ್ತು. ತಾವು ನಿಲ್ಲಿಸಿದ ಹಾಡು ಹೋಗಿ ಬೇರೆ ಹಾಡು ಬಂದಿತ್ತು. ಆ ಯಂತ್ರದ ಗುಣವೇ ಹಾಗೆ, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಅಂದರೆ ಯಾರೋ ಅದನ್ನು ಮುಟ್ಟಿದ್ದಾರೆ.

ಮೊದಲ ಸಂಶಯ ನನ್ನ ಮೇಲೆಯೇ ಬಂತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು. ನನ್ನ ಡಬ್ಬಿ ಮುಟ್ಟಿದೆಯೇನು ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ನಂಬಲಿಲ್ಲ. ಕೈಚೀಲವನ್ನು ಕ್ಲಾಸಿಗೂ ಹೊತ್ತುಕೊಂಡು ಹೋಗತೊಡಗಿದರು. ಭಾನುವಾರ, ನಾನು ನನ್ನ ಮನೆಯಲ್ಲಿ, ಅವರು ಅವರ ಮನೆಯಲ್ಲಿ ಇದ್ದಾಗಲೂ ಡಬ್ಬಿಯ ಗೆರೆ ಏರಿತೆಂದು ಕಂಡ ಮೇಲೆ ಸೋಮವಾರ ಶೇಂಗಾ ಹೋಳಿಗೆ ತಂದು ನನ್ನ ಮುಂದಿಟ್ಟು, "ನೀ ಅಲ್ಲ ಬಿಡು" ಅಂದರು. ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ಅವರಿಂದ ಯಾರೂ ಪಡೆದಿಲ್ಲ.

ಅಕ್ಕೋರ ಒಬ್ಬಳೇ ಮಗಳು ಲಗ್ನವಾಗಿ ಹೋದ ಮೇಲೆ ಮನೆಯಲ್ಲಿ ಇದ್ದವರು ಇಬ್ಬರೇ. ಅಂದ ಮೇಲೆ ಉಳಿದದ್ದು ಯಜಮಾನರು. ಆ ಮನುಷ್ಯನಿಗೆ ಹಾಡೆಂದರೆ ಆಗುತ್ತಿರಲಿಲ್ಲ. ದಿನವೆಲ್ಲ ಇಂಜಿನ್ನಿನ ಸದ್ದು ಕೇಳಿದವನಿಗೆ ಮನೆಯಲ್ಲಾದರೂ ಸುಮ್ಮನಿರಲು ಬಿಡು ಎನ್ನುವವರು. ಅಂಥವರು ಹೆಂಡತಿ ಸ್ನಾನಕ್ಕೆ ಹೋದಾಗ ಕದ್ದು ಹಾಡು ಕೇಳುವುದೆಂದರೆ? ಅದೂ ಪ್ರತಿ ಸಲ ಒಂದೇ ಹಾಡು. ಅಕ್ಕೋರು ತಂತಿಯನ್ನು ತಮ್ಮದೇ ರೀತಿಯಲ್ಲಿ ಸುತ್ತಿಟ್ಟು, ಕನ್ನಡಿಯ ಗೂಡಿನಲ್ಲಿ ಇಂತಲ್ಲೇ ಎಂದು ಗುರುತು ಮಾಡಿಟ್ಟು ನೋಡಿದರು. ಸಂಶಯವೇ ಉಳಿಯಲಿಲ್ಲ. ಹಾಡು ಅದೇ, ಗೆರೆ ಮಾತ್ರ ವಾರದಿಂದ ವಾರಕ್ಕೆ ಏರುತ್ತಿತ್ತು.

ಅಕ್ಕೋರ ತಲೆ ಒಂದೇ ದಿಕ್ಕಿಗೆ ಓಡಿತು. ಗಂಡನ ಮನಸ್ಸಿನಲ್ಲಿ ಯಾರೋ ಇದ್ದಾರೆ, ಆ ಹಾಡು ಅವಳಿಗೆ ಸಂಬಂಧಪಟ್ಟದ್ದು. ಅದಕ್ಕೆ ತಕ್ಕಂತೆ ಬೇರೆ ಪುರಾವೆಗಳೂ ಸಿಕ್ಕವು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೆಳಗಿನಿಂದ ಕೇಳಿದರೆ ಈಗ ಯಜಮಾನರು ಬೈಯುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದರು. ಕಂಡಕ್ಟರಿಗೂ ಅವರಿಗೂ ನಡುವೆ ಕೈಸನ್ನೆ ಹೆಚ್ಚಾಗಿತ್ತು. ಎಲ್ಲಕ್ಕಿಂತ ದೊಡ್ಡ ಪುರಾವೆ, ಲಗ್ನವಾದಾಗಿನಿಂದ ಪೇಪರಿನ ಹಿಂದಿನಿಂದಲೇ ಮಾತಾಡಿದ ಗಂಡ ಈಗ ಅಕ್ಕೋರು ಮಾತಾಡುವಾಗ ಪೇಪರು ಕೆಳಗಿಟ್ಟು ಮುಖವನ್ನೇ ನೋಡುತ್ತ ಕೂರುತ್ತಿದ್ದರು.

"ಇಷ್ಟು ವರ್ಷ ನೋಡದ ಮಕ ಈಗ್ಯಾಕ ನೋಡಾಕತ್ತಾರ? ತಪ್ಪು ಮಾಡಿದ ಗಂಡಸು ಹಿಂಗ ನೋಡ್ತಾನ."

ಬಾಯಲ್ಲಿ ಹೀಗೆ ಅಂದರೂ ಆ ದಿನಗಳಲ್ಲಿ ಅಕ್ಕೋರು ಬೆಳಿಗ್ಗೆ ತೆಳುವಾಗಿ ಪೌಡರು ಹಚ್ಚಿಕೊಂಡು ಬರುತ್ತಿದ್ದುದನ್ನು ನಾನು ಗಮನಿಸಿದ್ದೆ. ಕೇಳುವ ಧೈರ್ಯ ಆಗಲಿಲ್ಲ.

ಕಂಡಕ್ಟರನೇ ನಡುವಿನ ಮನುಷ್ಯ, ಸುದ್ದಿ ಒಯ್ಯುವುದು ತರುವುದು ಅವನ ಕೆಲಸ ಎಂದು ಖಾತ್ರಿ ಮಾಡಿಕೊಂಡ ಅಕ್ಕೋರು ಒಂದು ಬೆಳಿಗ್ಗೆ ಮುಂದಿನ ಸೀಟು ಬಿಟ್ಟು ನನ್ನನ್ನೂ ಎಳೆದುಕೊಂಡು ಹಿಂದಿನ ಬಾಗಿಲ ಪಕ್ಕ ಕೂತರು. ಕಂಡಕ್ಟರು ನಿಲ್ಲುವುದು ಅಲ್ಲಿಯೇ. ಅವನು ಒಂದು ಸೀಟಿ ಹೊಡೆದರೆ ಬಸ್ಸು ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಅಂದು ನಾವು ಕಂಡದ್ದೇನೆಂದರೆ ಅವನು ಸೀಟಿ ಹೊಡೆಯುವಾಗೆಲ್ಲ ಕೈಯನ್ನೂ ಎತ್ತುತ್ತಿದ್ದ. ಡ್ರೈವರ್ ಸೀಟಿನ ಮೇಲೆ ಹೊಸದಾಗಿ ಒಂದು ದೊಡ್ಡ ಕನ್ನಡಿ ಬಂದಿತ್ತು. ಅದರಲ್ಲಿ ಯಜಮಾನರ ಕಣ್ಣು ಕಾಣುತ್ತಿತ್ತು. ಅಕ್ಕೋರು ನನ್ನ ತೊಡೆ ತಿವಿದು, ನೋಡು ಹೇಗೆ ಸನ್ನೆ ನಡೆದಿದೆ ಎಂದು ಪಿಸುಗುಟ್ಟಿದರು.

ಗಬ್ಬೂರಿನಲ್ಲಿ ಬಸ್ಸು ನಿಂತಿತು. ಒಬ್ಬ ಮುದುಕಿ ಇಳಿಯುವವಳಿದ್ದಳು. ಅವಳ ಬುಟ್ಟಿ ಮೇಲಿನ ಕಂಬಿಯ ಮೇಲಿತ್ತು. ಅದನ್ನು ತೆಗೆದುಕೊಡಲು ಕಂಡಕ್ಟರು ಕೈ ಎತ್ತಿದ. ಕೂಡಲೇ ಬಸ್ಸು ಹೊರಟಿತು. ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಕಡೆಗೆ. ಕಂಡಕ್ಟರು ಸೀಟಿಯ ಮೇಲೆ ಸೀಟಿ ಹೊಡೆದ. ನಮ್ಮ ಕಿವಿ ಗುಂಯ್ ಅಂದಿತು. ಬಸ್ಸಿನಲ್ಲಿದ್ದವರೆಲ್ಲ ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದರು. ಬಸ್ಸು ನಿಲ್ಲಲಿಲ್ಲ. ಮುದುಕಿ ಬಾಗಿಲ ಕಂಬಿ ಹಿಡಿದು ಜೋತಾಡುತ್ತ ರಸ್ತೆಯ ಮೇಲೆ ಎಳೆಸಿಕೊಂಡೇ ಬಂದಳು. ಅಕ್ಕೋರು ಎದ್ದು ಅವಳ ರಟ್ಟೆ ಹಿಡಿದರು. ನಾನು ಅಕ್ಕೋರ ಸೊಂಟ ಹಿಡಿದೆ. ಕಂಡಕ್ಟರು ಜನರ ನಡುವೆ ನುಗ್ಗಿ ಹೋಗಿ ಯಜಮಾನರ ಹೆಗಲಿಗೆ ಬಡಿದ ಮೇಲೆಯೇ ಬ್ರೇಕು ಬಿದ್ದದ್ದು.

ಮುದುಕಿಯ ಬಳೆ ಒಡೆದು, ಮೊಣಕಾಲು ತರಚಿ ರಕ್ತ ಬಂದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ. ಯಜಮಾನರು ಇಳಿದು ಹಿಂದೆ ಬಂದರು. ಏನಾಯಿತು ಎಂದು ಒಬ್ಬೊಬ್ಬರ ಮುಖ ನೋಡಿದರು. ಅಷ್ಟರಲ್ಲಿ ಕಂಡಕ್ಟರು ಮುಂದೆ ಬಂದು, "ನಂದ ತಪ್ಪು. ನಾನು ಸೀಟಿ ಹೊಡಿಲಿಲ್ಲ" ಅಂದ. ಮುಂದೆ ಕೂತಿದ್ದ ಜನ ಅದನ್ನು ನಂಬಿ ಅವನನ್ನೇ ಬೈದರು. ನಾವು ಅವನ ಪಕ್ಕದಲ್ಲೇ ಕೂತಿದ್ದೆವು. ಅಕ್ಕೋರು ಅವನ ಕೈಯಲ್ಲಿದ್ದ ಸೀಟಿಯನ್ನು ನೋಡಿದರು, ಗಂಡನನ್ನು ನೋಡಿದರು. ಅಂದು ಊಟದ ಬಿಡುವಿನಲ್ಲಿ ಡಬ್ಬಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಗೆರೆಗಳನ್ನೇ ನೋಡುತ್ತ ಕೂತಿದ್ದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬಸ್ಸಿನಲ್ಲಿ ಎಲ್ಲ ಹೇಳಿದರು. ಹಿಂದಿನ ಸಂಜೆ ಯಜಮಾನರು ಪಡಸಾಲೆಯಲ್ಲಿ ಬೆನ್ನು ಮಾಡಿ ಕೂತಿದ್ದಾಗ ಅಕ್ಕೋರು ಅಡುಗೆಮನೆಯ ಬಾಗಿಲಿನಿಂದ, ನಿಮ್ಮ ತಮ್ಮ ಬಂದಿದ್ದಾನೆ ನೋಡಿ ಎಂದರಂತೆ. ತಿರುಗಲಿಲ್ಲ. ದನಿ ಏರಿಸಿ ಹೇಳಿದರೂ ತಿರುಗಲಿಲ್ಲ. ಆಮೇಲೆ ಎದುರಿಗೆ ಹೋಗಿ ಕೂತು, ಗಂಟಲಿನಿಂದ ಸದ್ದೇ ಹೊರಡಿಸದೆ, ಚಹಾ ಬೇಕೇ ಎಂದು ಬರೀ ತುಟಿ ಆಡಿಸಿದರಂತೆ. "ಹ್ಞೂಂ, ಮಾಡು" ಅಂದರಂತೆ ಯಜಮಾನರು.

"ಮಕ ನೋಡಾಕತ್ತಾರ ಅಂತ ತಿಳದಿದ್ದೆ" ಎಂದ ಅಕ್ಕೋರು ಸೆರಗಿನಿಂದ ಡಬ್ಬಿಯ ಪರದೆ ಒರೆಸುತ್ತ, "ತುಟಿ ನೋಡಾಕತ್ತಿದ್ರು ಬೇ" ಅಂದರು. ಅಂದು ಅವರ ಮುಖದಲ್ಲಿ ಪೌಡರು ಇರಲಿಲ್ಲ. ಆಮೇಲೂ ಇರಲಿಲ್ಲ.

ಹಿಡಿದು ಕೇಳಿದಾಗ ಯಜಮಾನರು ಒಪ್ಪಿಕೊಂಡಿದ್ದರು. ಒಂದು ಕಿವಿ ಪೂರಾ ಹೋಗಿದೆ, ಇನ್ನೊಂದು ಹೋಗುತ್ತಿದೆ. ಇವತ್ತು ಎಷ್ಟು ಕೇಳಿಸುತ್ತದೆ ಎಂದು ತಿಳಿಯಲು ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಒಂದೇ ಹಾಡು ಹಾಕಿ, ಯಾವ ಗೆರೆಗೆ ಬಂದಾಗ ಕಿವಿಗೆ ಬೀಳುತ್ತದೆ ಎಂದು ನೋಡುತ್ತಿದ್ದರಂತೆ. ಹೊರಗೆ ಗೊತ್ತಾದರೆ ಸ್ಟೇರಿಂಗ್ ಕಸಿದುಕೊಳ್ಳುತ್ತಾರೆ. ಅದನ್ನು ಬಿಟ್ಟರೆ ನನಗೆ ಬೇರೇನು ಬರುತ್ತದೆ, ಕನ್ನಡಿ ಇದೆ, ಕಂಡಕ್ಟರು ಇದ್ದಾನೆ, ನಿವೃತ್ತಿಯವರೆಗೆ ಹೇಗೋ ತಳ್ಳುತ್ತೇನೆ ಎಂದು ಕೈ ಹಿಡಿದುಕೊಂಡರಂತೆ. ಅಕ್ಕೋರು ಆ ವಾರವೇ ಅರ್ಧ ದಿನದ ರಜೆ ಹಾಕಿ ನನ್ನನ್ನು ಜೊತೆಗೆ ಕರೆದುಕೊಂಡು ಡಿಪೋಕ್ಕೆ ಹೋದರು.

ಡಿಪೋ ಮ್ಯಾನೇಜರು ಎಳೆ ವಯಸ್ಸಿನವರು. ಡ್ರೈವರನ ಹೆಂಡತಿಯೇ ಬಂದು ನಮ್ಮವರ ಕಿವಿ ಪರೀಕ್ಷೆ ಮಾಡಿಸಿ, ಅಲ್ಲಿಯತನಕ ಬಸ್ಸು ಕೊಡಬೇಡಿ ಅನ್ನುವುದನ್ನು ಅವರು ಮೊದಲ ಸಲ ಕೇಳುತ್ತಿದ್ದರೆಂದು ಕಾಣುತ್ತದೆ. ಕುರ್ಚಿಗೆ ಒರಗಿ ಅಕ್ಕೋರನ್ನು ಮೇಲಿನಿಂದ ಕೆಳಗೆ ನೋಡಿದರು.

"ಮನಿಯಾಗ ಏನರ ಜಗಳ ಆಗ್ಯದೇನಮ್ಮ?"

ಜನ್ಮವೆಲ್ಲ ಜಗತ್ತನ್ನು ಸಂಶಯದಿಂದ ನೋಡಿದ ಅಕ್ಕೋರನ್ನು ಈಗ ಒಬ್ಬರು ಅದೇ ಕಣ್ಣಿನಿಂದ ನೋಡುತ್ತಿದ್ದರು. ಅಕ್ಕೋರು ಸಿಟ್ಟಾಗಲಿಲ್ಲ. ಬಹುಶಃ ಆ ಕಣ್ಣಿನ ಗುರುತು ಅವರಿಗೆ ಚೆನ್ನಾಗಿ ಇತ್ತು. ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಜಗಳ ಆಗಿಲ್ರಿ. ಇದನ್ನ ಕಿವಿಗಿ ಹಾಕ್ಕೊಳ್ರಿ. ಇವತ್ತು ಮುಂಜಾನಿ ನಮ್ಮವರು ಕೇಳಿದ ಸದ್ದು ಇದು. ನಾ ಮುಟ್ಟಿಲ್ಲ."

ಮ್ಯಾನೇಜರು ಇದರಲ್ಲೇನೋ ಮೋಸ ಇದೆ ಅನ್ನುವಂತೆ ಡಬ್ಬಿಯನ್ನು ತಿರುಗಿಸಿ ನೋಡಿ, ತಂತಿ ಕಿವಿಗೆ ಸಿಕ್ಕಿಸಿಕೊಂಡರು. ಅಕ್ಕೋರು ಗುಂಡಿ ಒತ್ತಿದರು. ಮ್ಯಾನೇಜರು ಕುರ್ಚಿಯಿಂದ ಹಾರಿಬಿದ್ದು ತಂತಿ ಕಿತ್ತೊಗೆದರು. ಮೇಜಿನ ಮೇಲೆ ಬಿದ್ದ ತಂತಿಯಿಂದ ಹಾಡು ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಇಷ್ಟು ಇಟ್ರ ಅವರಿಗಿ ಸಣ್ಣಗ ಕೇಳ್ತದಂತ್ರಿ" ಅಂದರು ಅಕ್ಕೋರು.

ಅಂದೇ ಯಜಮಾನರನ್ನು ಬಸ್ಸಿನಿಂದ ಇಳಿಸಿ ಡಾಕ್ಟರ ಬಳಿಗೆ ಕಳಿಸಿದರು. ಪರೀಕ್ಷೆಯಲ್ಲಿ ಎಲ್ಲ ಹೊರಬಿತ್ತು. ನೌಕರಿ ಉಳಿಯಿತು, ಸ್ಟೇರಿಂಗ್ ಹೋಯಿತು. ಡಿಪೋದ ಟೈರು ವಿಭಾಗದಲ್ಲಿ ಕೂರಿಸಿದರು. ಹೇಳಿದವರು ಯಾರೆಂದು ಅವರಿಗೆ ತಿಳಿಯಲು ತಡವಾಗಲಿಲ್ಲ. ತಿಳಿದ ದಿನದ ಸಂಜೆ ನಾನು ಅಕ್ಕೋರ ಮನೆಯಲ್ಲೇ ಇದ್ದೆ. ಯಜಮಾನರು ಬಂದು ಖಾಕಿ ಅಂಗಿಯನ್ನು ಬಿಚ್ಚಿ ಕುರ್ಚಿಗೆ ಹಾಕಿದರು.

"ಊರ ಮಂದೀನೆಲ್ಲ ಸಂಶಯ ಪಟ್ಟಿ. ಕಡೀಕ ನನ್ನ ಮ್ಯಾಲೂ ನಂಬಿಕಿ ಇಲ್ಲೇನು ನಿನಗ?"

ಅಕ್ಕೋರು ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದರು: "ನಿಮ್ಮ ಮ್ಯಾಲ ಅದರಿ. ನಿಮ್ಮ ಕಿವಿ ಮ್ಯಾಲ ಇಲ್ಲ."

ಯಜಮಾನರು ಆಮೇಲೆ ಬಹಳ ದಿನ ಮಾತು ಬಿಟ್ಟರು. ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ಅವರ ಅಣ್ಣತಮ್ಮಂದಿರು ಬಂದು, ಗಂಡನ ಹೊಟ್ಟೆಯ ಮೇಲೆ ಹೊಡೆದ ಹೆಂಗಸು ಎಂದು ಅಕ್ಕೋರ ಮುಖದ ಮೇಲೆಯೇ ಅಂದು ಹೋದರು. ಬಸ್ಸಿನಲ್ಲಿ ಕಂಡಕ್ಟರು ಅಕ್ಕೋರ ಮುಖ ನೋಡದೆ ಟಿಕೆಟ್ಟು ಹರಿದುಕೊಡುತ್ತಿದ್ದ. ಅಕ್ಕೋರು ಅದನ್ನು ಎರಡೂ ಬದಿ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಿಮಗೆ ಕೆಡುಕೆನಿಸುತ್ತದೆಯೇ ಎಂದು ಒಮ್ಮೆ ಕೇಳಿದೆ. ಇದನ್ನು ಕೇಳಲು ನಿನಗೆ ಯಾರು ಹೇಳಿ ಕಳಿಸಿದರು ಎಂದು ನನ್ನನ್ನೇ ಕೇಳಿದರು. ಅದೇ ತಿಂಗಳು ತೀನ್ ಕಂದೀಲಿನ ಅಂಗಡಿಗೆ ಹೋಗಿ ಡಬ್ಬಿಯಿಂದ ಆ ಒಂದು ಹಾಡನ್ನು ತೆಗೆಸಿಬಿಟ್ಟರು. ಹಾಡು ಚೆನ್ನಾಗಿದೆಯಲ್ಲ ಎಂದು ಸಾಹೇಬರು ಅಂದದ್ದಕ್ಕೆ, ಕೇಳಿ ಸಾಕಾಗಿದೆ ಎಂದರು.

ಮಾತು ಯಾವಾಗ ಮತ್ತೆ ಶುರುವಾಯಿತು ಎಂದು ನನಗೆ ತಿಳಿಯದು. ಅಕ್ಕೋರು ಹೇಳಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಸ್ ನಿಲ್ದಾಣಕ್ಕೆ ಬಂದರು. ದೇವದುರ್ಗದಲ್ಲಿ ಬೀಗರ ಮನೆಯ ಕಾರ್ಯ ಇತ್ತು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಆ ರಸ್ತೆಯಲ್ಲಿ ಅವರು ಟಿಕೆಟ್ಟು ತೆಗೆಸಿ ಕೂತದ್ದು ಅದೇ ಮೊದಲು. ಯಾರೋ ಹೊಸ ಹುಡುಗ ಬಸ್ಸು ನಡೆಸುತ್ತಿದ್ದ. ಯಜಮಾನರು ಅವನ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಅಕ್ಕೋರು, ನಡುದಾರಿಯ ಈಚೆ ನಾನು.

ಊರು ದಾಟಿದ ಕೂಡಲೇ ಯಜಮಾನರ ಬಲಗಾಲು ಆಡತೊಡಗಿತು. ಎದುರಿಗೆ ಟ್ರ್ಯಾಕ್ಟರು ಬಂದರೆ, ದನ ಅಡ್ಡ ಬಂದರೆ, ರಸ್ತೆ ತಿರುಗಿದರೆ ಆ ಕಾಲು ಬಸ್ಸಿನ ನೆಲದ ತಗಡನ್ನು ಒತ್ತುತ್ತಿತ್ತು. ಹುಡುಗ ಬ್ರೇಕು ಹಾಕುವುದಕ್ಕಿಂತ ಕ್ಷಣ ಮೊದಲೇ. ಅವರಿಗೆ ಅದು ಗೊತ್ತಾಗಿ ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದರು. ಕಾಲು ನಿಲ್ಲಲಿಲ್ಲ. ತಲೆ ತಗ್ಗಿಸಿದರು. ಕಿವಿಯ ಹಿಂದೆ ಕಿವುಡಿಗೆ ಹಾಕುವ ಹೊಸ ಯಂತ್ರ ಸಿಕ್ಕಿಸಿಕೊಂಡಿದ್ದರು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಅಕ್ಕೋರು ಒಂದು ಕಿವಿಯಲ್ಲಿ ಡಬ್ಬಿಯ ತಂತಿ ಹಾಕಿಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ತಿರುಗಿ ನೋಡದೆಯೇ ಚಪ್ಪಲಿಯಿಂದ ಕಾಲು ಹೊರತೆಗೆದು ಅದನ್ನು ಗಂಡನ ಪಾದದ ಮೇಲೆ ಇಟ್ಟರು. ಯಜಮಾನರು ಒಮ್ಮೆ ಕಾಲು ಎಳೆದುಕೊಳ್ಳಲು ನೋಡಿದರು. ಅಕ್ಕೋರು ಬಿಡಲಿಲ್ಲ. ಕೆಳಗಿನ ಪಾದ ತಗಡನ್ನು ಒತ್ತಿದಾಗೆಲ್ಲ ಮೇಲಿನ ಪಾದವೂ ಅದರ ಜೊತೆಗೆ ಒತ್ತತೊಡಗಿತು.

ನಾನು ಮಸರಕಲ್ಲಿನಲ್ಲಿ ಇಳಿದೆ. ಅವರಿಬ್ಬರೂ ದೇವದುರ್ಗದವರೆಗೂ ಹಾಗೆಯೇ ಬ್ರೇಕು ಹಾಕುತ್ತ ಹೋಗಿರಬೇಕು.